ಸ್ಮ್ಯಾಶ್‌ಗೆ ಸ್ಮ್ಯಾಶ್ ಉತ್ತರವಲ್ಲ

1980ರ ಮಾರ್ಚ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್. ಒಂದು ಕಡೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷವೂ ಪ್ರಶಸ್ತಿ ಗೆದ್ದಿದ್ದ ಆಟಗಾರ. ಆಳೆತ್ತರ ನೆಗೆದು ಆತ ಬಾರಿಸುತ್ತಿದ್ದ ಸ್ಮ್ಯಾಶ್‌ಗೆ ಜಗತ್ತೇ ಬೆರಗಾಗಿತ್ತು. ಇನ್ನೊಂದು ಕಡೆ ಬೆಂಗಳೂರಿನ ಪ್ರಕಾಶ್ ಪಡುಕೋಣೆ, ಇಪ್ಪತ್ತನಾಲ್ಕರ ಯುವಕ. ಫಲಿತಾಂಶ 15-3, 15-10. ಆಲ್ ಇಂಗ್ಲೆಂಡ್ ಕಿರೀಟ ಮೊದಲ ಬಾರಿಗೆ ಭಾರತಕ್ಕೆ ಬಂತು.

ಈ ಗೆಲುವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅದು ಕೈಗೂಡಿದ ಬಗೆಯನ್ನು ವ್ಯಾಪಾರಸ್ಥರು, ಅದರಲ್ಲೂ ಸಣ್ಣ ಬಂಡವಾಳದವರು, ಇನ್ನೂ ಸರಿಯಾಗಿ ಓದಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ. ಆಟದಿಂದ ಉದ್ಯಮಕ್ಕೆ ಪಾಠ ಎಂದಕೂಡಲೇ ಛಲ, ಹಟ, ಬೆವರು ಎಂಬ ಮಾತುಗಳೇ ಮುಂದೆ ಬರುತ್ತವೆ. ಕಿಂಗ್‌ಗೂ ಛಲ ಕಡಿಮೆ ಇರಲಿಲ್ಲ, ಬೆವರೂ ಕಡಿಮೆ ಇರಲಿಲ್ಲ. ಆದರೂ ಆತ ಸೋತ.

ಬಲದಲ್ಲಿ, ನೆಗೆತದಲ್ಲಿ, ವೇಗದಲ್ಲಿ ಕಿಂಗ್‌ನನ್ನು ಮೀರಿಸುವುದು ಆಗದ ಮಾತು. ಹಾಗಾಗಿ ಪ್ರಕಾಶ್ ಆ ಪೈಪೋಟಿಗೇ ಇಳಿಯಲಿಲ್ಲ. ಶಟಲ್ಲನ್ನು ನೆಟ್ಟಿನ ಬಳಿ ಮೆಲ್ಲಗೆ ಇಳಿಸಿದರು. ಪೂರ್ತಿ ಬಲ ಹಾಕುವ ಬದಲು ಹಾಫ್ ಸ್ಮ್ಯಾಶ್ ಹೊಡೆದರು. ರ‍್ಯಾಕೆಟ್ ಎತ್ತಿದಾಗ ಟಾಸ್ ಬರುತ್ತದೋ ಡ್ರಾಪ್ ಬರುತ್ತದೋ ಎಂಬುದು ಕೊನೆಯ ಗಳಿಗೆಯವರೆಗೂ ಎದುರಿನವನಿಗೆ ತಿಳಿಯದಂತೆ ನೋಡಿಕೊಂಡರು. ನೆಗೆದು ಹೊಡೆಯಬೇಕಾದರೆ ಶಟಲ್ ತಲೆಯ ಮೇಲೆ ಎತ್ತರಕ್ಕೆ ಬರಬೇಕು. ಕಿಂಗ್‌ಗೆ ಬೇಕಾದ ಆ ಎತ್ತರ, ಬೇಕಾದ ಹೊತ್ತಿಗೆ ಸಿಗಲಿಲ್ಲ.

ಆಗಿನ ಅಂಕದ ಲೆಕ್ಕವನ್ನೂ ಇಲ್ಲಿ ನೆನಪಿಡಬೇಕು. ಸರ್ವ್ ಮಾಡುವವನಿಗೆ ಮಾತ್ರ ಅಂಕ. ಎದುರಾಳಿಯ ಸರ್ವ್‌ನಲ್ಲಿ ಎಷ್ಟೇ ಚೆಂದದ ಸ್ಮ್ಯಾಶ್ ಹೊಡೆದು ಗೆದ್ದರೂ ಸರ್ವ್ ಕೈಗೆ ಬರುತ್ತಿತ್ತೇ ಹೊರತು ಅಂಕ ಬರುತ್ತಿರಲಿಲ್ಲ. ತಾಳ್ಮೆಯಿಂದ ಸರ್ವ್ ಉಳಿಸಿಕೊಂಡವನ ಖಾತೆ ಮಾತ್ರ ಬೆಳೆಯುತ್ತಿತ್ತು. ವಹಿವಾಟು ಏರುತ್ತಲೇ ಇದ್ದು ವರ್ಷದ ಕೊನೆಗೆ ಲಾಭ ಕಾಣದ ಎಷ್ಟೋ ಅಂಗಡಿಗಳ ಕಷ್ಟ ಇರುವುದೂ ಇಲ್ಲಿಯೇ. ದೊಡ್ಡ ಕಂಪನಿ ರಿಯಾಯಿತಿ ಕೊಟ್ಟಿತೆಂದು ಬೀದಿಯ ಅಂಗಡಿಯವನೂ ದರ ಇಳಿಸುತ್ತಾನೆ. ಹತ್ತು ನಿಮಿಷದಲ್ಲಿ ಸಾಮಾನು ಮನೆಗೆ ಬರುತ್ತದೆಂದು ಯಾರೋ ಸಾರಿದರೆ ಇವನೂ ಹುಡುಗರನ್ನು ಬೈಕಿನಲ್ಲಿ ಓಡಿಸುತ್ತಾನೆ. ನಷ್ಟವನ್ನು ವರ್ಷಗಟ್ಟಲೆ ತಾಳುವ ಬಂಡವಾಳ ಅವರದು, ಇವನದಲ್ಲ. ಗಿರಾಕಿಯ ಹೆಸರು, ಮನೆಯವರ ರುಚಿ, ತಿಂಗಳ ಕೊನೆಯಲ್ಲಿ ಯಾರಿಗೆ ಉದ್ರಿ ಕೊಡಬಹುದು ಎಂಬ ಅಂದಾಜು, ಇವೆಲ್ಲ ಇವನ ಕೈಯಲ್ಲೇ ಇವೆ. ಅವನ್ನು ಬಿಟ್ಟು ದರದ ಜಗಳಕ್ಕೆ ಇಳಿದವನು ಕಿಂಗ್‌ಗೆ ತಾನೇ ಶಟಲ್ ಎತ್ತಿಕೊಟ್ಟಂತೆ.

ಪ್ರಕಾಶ್ ಅವರ ಆ ಆಟ ಕೊರತೆಗಳ ನಡುವೆಯೇ ಬೆಳೆದದ್ದು. ಅವರು ಅಭ್ಯಾಸ ಮಾಡುತ್ತಿದ್ದುದು ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ. ಅದು ಮದುವೆಗಳೂ ನಡೆಯುವ ಸಭಾಂಗಣ. ಮದುವೆ ಇದ್ದ ದಿನ ಆಟವಿಲ್ಲ. ಅಂಥ ಜಾಗದಿಂದ ಬಂದ ಹುಡುಗ 1971ರಲ್ಲಿ, ಹದಿನಾರರ ವಯಸ್ಸಿಗೆ, ಜೂನಿಯರ್ ಮತ್ತು ಸೀನಿಯರ್ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಒಂದೇ ವರ್ಷ ಗೆದ್ದ. ಸೀನಿಯರ್ ಪಟ್ಟವಂತೂ ಸತತ ಒಂಬತ್ತು ವರ್ಷ ಅವನ ಬಳಿಯೇ ಉಳಿಯಿತು.

ಬೆಂಗಳೂರಿನದೇ ಇನ್ನೊಂದು ಉದಾಹರಣೆ ಎಂ.ಟಿ.ಆರ್. 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಕಡಿಮೆ ದರ ಕಡ್ಡಾಯವಾದಾಗ, ಆ ದರದಲ್ಲಿ ತನ್ನ ಗುಣಮಟ್ಟ ಉಳಿಯುವುದಿಲ್ಲ ಎಂಬುದು ಆ ಹೋಟೆಲಿಗೆ ಸ್ಪಷ್ಟವಾಗಿತ್ತು. ಅದು ಮಸಾಲೆ ಪುಡಿ, ದಿಢೀರ್ ತಿಂಡಿಯ ಮಿಶ್ರಣಗಳ ಮಾರಾಟದತ್ತ ಹೊರಳಿತು. ಒಲೆಯ ಮುಂದೆ ಗಳಿಸಿದ ರುಚಿಯ ಜ್ಞಾನವನ್ನೇ ಪೊಟ್ಟಣಕ್ಕೆ ತುಂಬಿತು. ತನಗೆ ಬರುವ ಕೆಲಸವನ್ನು ಬಿಡದೆ, ಆಡುವ ಅಂಗಳವನ್ನು ಮಾತ್ರ ಬದಲಿಸಿತು.

ಒಮ್ಮೆ ಗೆದ್ದ ತಂತ್ರ ಮತ್ತೆ ಮತ್ತೆ ಗೆಲ್ಲಿಸುತ್ತದೆ ಎಂದು ನಂಬುವಂತಿಲ್ಲ. 1981ರಲ್ಲಿ ಅದೇ ಫೈನಲ್‌ನಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಮೊದಲ ಗೇಮ್ ಪ್ರಕಾಶ್ ಅವರದು. ಉಳಿದೆರಡನ್ನೂ ಕಿಂಗ್ ಗೆದ್ದ. ಸೋತವನೂ ಪಾಠ ಕಲಿಯುತ್ತಾನೆ, ಗೆದ್ದವನಿಗಿಂತ ಶ್ರದ್ಧೆಯಿಂದಲೇ ಕಲಿಯುತ್ತಾನೆ. ಕಳೆದ ದೀಪಾವಳಿಗೆ ಭರ್ಜರಿ ಓಡಿದ ಸರಕನ್ನೇ ಈ ವರ್ಷವೂ ಗೋದಾಮು ತುಂಬ ತರಿಸುವ ಮುನ್ನ ವ್ಯಾಪಾರಿ ಈ ಎರಡನೆಯ ಫೈನಲ್ಲನ್ನೂ ನೆನೆಯಬೇಕು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 1980ರ ನಂತರದ ದೀರ್ಘ ಬರ. ಭಾರತಕ್ಕೆ ಎರಡನೆಯ ಆಲ್ ಇಂಗ್ಲೆಂಡ್ ಪುರುಷರ ಪ್ರಶಸ್ತಿ ಬಂದದ್ದು 2001ರಲ್ಲಿ, ಪುಲ್ಲೇಲ ಗೋಪಿಚಂದ್ ಅವರಿಂದ. ನಡುವೆ ಇಪ್ಪತ್ತೊಂದು ವರ್ಷ. ಒಬ್ಬನ ಮಣಿಕಟ್ಟಿನಲ್ಲಿದ್ದ ವಿದ್ಯೆ ಅವನ ಮಣಿಕಟ್ಟಿನಲ್ಲೇ ಉಳಿದರೆ ಹೀಗೆಯೇ ಆಗುತ್ತದೆ. ಮಾಲೀಕ ಬಂದರೆ ಮಾತ್ರ ಬೀಗ ತೆಗೆಯುವ, ಮಾಲೀಕನಿಗೆ ಮಾತ್ರ ದರ ಗೊತ್ತಿರುವ ನಮ್ಮ ನೂರಾರು ಮನೆತನದ ಉದ್ಯಮಗಳು ಎರಡನೇ ತಲೆಮಾರಿಗೆ ಕುಸಿಯುವುದೂ ಈ ಕಾರಣದಿಂದಲೇ. ಪ್ರಕಾಶ್ ಮಾತ್ರ ತಮ್ಮ ವಿದ್ಯೆಯನ್ನು ತಮ್ಮಲ್ಲೇ ಇಟ್ಟುಕೊಂಡು ಸುಮ್ಮನಾಗಲಿಲ್ಲ. 1994ರಲ್ಲಿ ಬ್ಯಾಡ್ಮಿಂಟನ್ ಆಟಗಾರ ವಿಮಲ್ ಕುಮಾರ್ ಮತ್ತಿತರರ ಜೊತೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. 2001ರಲ್ಲಿ ಬಿಲಿಯರ್ಡ್ಸ್ ಆಟಗಾರ ಗೀತ್ ಸೇಥಿ ಜೊತೆ ಕ್ರೀಡಾಪಟುಗಳಿಗೆ ನೆರವಾಗುವ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆಯನ್ನು ಕಟ್ಟಿದರು. ಅಪರ್ಣಾ ಪೋಪಟ್‌ರಿಂದ ಲಕ್ಷ್ಯ ಸೇನ್‌ವರೆಗೆ ಹಲವರು ಆ ಅಕಾಡೆಮಿಯಲ್ಲಿ ಪಳಗಿದವರು.

ಗೋಪಿಚಂದ್ ಕೂಡ ಕೆಲವು ವರ್ಷ ಅಲ್ಲಿಯೇ ಕಲಿತು, ಮುಂದೆ ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿದರು. ಸೈನಾ ನೆಹ್ವಾಲ್, ಪಿ.ವಿ. ಸಿಂಧು ಅವರ ಒಲಿಂಪಿಕ್ ಪದಕಗಳ ಹಿಂದೆ ಗೋಪಿಚಂದ್ ಅವರ ತರಬೇತಿ ಇದೆ. ಕೆಲಸ ಕಲಿತ ಹುಡುಗ ನಾಳೆ ಎದುರಿಗೇ ಅಂಗಡಿ ಇಟ್ಟುಬಿಟ್ಟರೆ ಎಂಬ ಭಯದಿಂದ ಒಳಗುಟ್ಟು ಬಿಟ್ಟುಕೊಡದ ಮಾಲೀಕರು ನಮ್ಮಲ್ಲಿ ಬಹಳ ಮಂದಿ. ಆ ಭಯಕ್ಕೆ ಕಾರಣವಿಲ್ಲದಿಲ್ಲ, ನಷ್ಟವೂ ಆಗಬಹುದು. ಬ್ಯಾಡ್ಮಿಂಟನ್‌ನಲ್ಲಿ ಮಾತ್ರ ಬೆಂಗಳೂರಿಗೆ ಹೈದರಾಬಾದ್ ಎದುರಾಗಿ ನಿಂತ ಮೇಲೆಯೇ ಎರಡೂ ಕಡೆಯ ಹುಡುಗರ ಆಟಕ್ಕೆ ಸಾಣೆ ಸಿಕ್ಕಿತು.