ಹುಲಿ ಎಣಿಸಲು ಬಂದರೆ ಸಾಕೇ?

ಬೆಂಗಳೂರಿನ ಜೆ.ಪಿ. ನಗರದಿಂದ ಬನ್ನೇರುಘಟ್ಟ ರಸ್ತೆ ಹಿಡಿಯಿರಿ. ಟ್ರಾಫಿಕ್ ದಾಟಿದರೆ ಆನೆಗಳ ಕಾಡು. ಅಂಚಿನ ಊರುಗಳಲ್ಲಿ ರಾಗಿ ಕೊಯ್ಲಿಗೆ ಬರುವ ಹೊತ್ತಿಗೆ ಆನೆಯೂ ಬರುತ್ತದೆ!

ಬೆಳೆ ಹೋದ ರೈತನ ಎದುರು ನಿಂತ ಇಪ್ಪತ್ತೈದರ ವನ್ಯಜೀವಿ ಸಂರಕ್ಷಕಿಗೆ ಜೀವಶಾಸ್ತ್ರದ ಡಿಗ್ರಿ ಎಷ್ಟು ನೆರವಾದೀತು? ಹುಲಿ ಎಣಿಸುವುದನ್ನು ಕೋರ್ಸ್ ಕಲಿಸುತ್ತದೆ. ಬೈಗುಳ ಕೇಳಿಸಿಕೊಳ್ಳುವುದು, ಅರಣ್ಯ ಇಲಾಖೆಯನ್ನು ಒಪ್ಪಿಸುವುದು, ತಂಡ ನಡೆಸುವುದು, ದೇಣಿಗೆಗೆ ಲೆಕ್ಕ ಕೊಡುವುದನ್ನು ಯಾರು ಕಲಿಸಬೇಕು?

ಹುಲಿ ತಜ್ಞ ಉಲ್ಲಾಸ ಕಾರಂತರು 1984ರಲ್ಲಿ ಕಟ್ಟಿದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್, 2015ರಲ್ಲಿ ‘ವೈಲ್ಡ್ ಸೇವೆ’ ಶುರುಮಾಡಿತು. ಬಂಡೀಪುರ, ನಾಗರಹೊಳೆ ಸುತ್ತಲಿನವರು ಫೋನ್ ಮಾಡಿದರೆ ಸಿಬ್ಬಂದಿ ಹೊಲಕ್ಕೇ ಬಂದು ಪರಿಹಾರದ ಅರ್ಜಿಗೆ ನೆರವಾಗುತ್ತಾರೆ. ಹೋಟೆಲ್ ಹಾಲ್‌ನಲ್ಲಿ ತೋರಿಸುವ ತರಬೇತಿ ಸ್ಲೈಡುಗಳಿಗಿಂತ ಇದು ದೊಡ್ಡ ನಾಯಕತ್ವ ಶಾಲೆ.

ತರಬೇತಿ ಕೊಡುವವರೇ, ಮೊದಲ ವಾರವೇ ಯುವ ಸಂರಕ್ಷಕರ ಕೈಗೊಂದು ಪರಿಹಾರದ ಅರ್ಜಿ ಕೊಡಿ. ಹಣ ಬರುವವರೆಗೂ ಅದರ ಹಿಂದೆ ಓಡಲಿ.