ಕೆಲಸದ ಹೊತ್ತು, ಮನೆಯ ಹೊತ್ತು

ದೊಡ್ಡಬಳ್ಳಾಪುರದಲ್ಲಿ ನೇಯ್ಗೆಯು ಬಹುಮಟ್ಟಿಗೆ ಮನೆಯೊಳಗಿನ ಕಸುಬು. ಎರಡೋ ನಾಲ್ಕೋ ವಿದ್ಯುತ್ ಮಗ್ಗಗಳನ್ನಿಟ್ಟುಕೊಂಡಿರುವ ಯಜಮಾನನೂ ಗೃಹಸ್ಥನೆ. ಅಲ್ಲಿಗೆ ದುಡಿಯಬರುವವನೂ ಗೃಹಸ್ಥನೆ. ಆದಕಾರಣ ಕೆಲಸಗಾರನೊಬ್ಬನು “ನನ್ನ ಹೊತ್ತನ್ನು ಸ್ವಲ್ಪ ಹೊಂದಿಸಿಕೊಡಿರಿ” ಎಂದು ಬೇಡಿದಾಗ, ಅದು ಎರಡು ಸಂಸಾರಗಳಿಗೂ ಸೇರಿದ ಮಾತಾಗುತ್ತದೆ.

ಹೀಗೆ ಬೇಡುವವರು ಯಾರು? ಎಳೆಗೂಸಿನ ತಾಯಿ, ಹಾಸಿಗೆ ಹಿಡಿದ ತಂದೆಯ ಮಗ, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆಯೇ ಹೊರಡಬಲ್ಲ ಗೃಹಿಣಿ. ಇದನ್ನು ಮೈಗಳ್ಳತನವೆಂದು ಬಗೆಯುವುದು ನ್ಯಾಯವಲ್ಲ. ಕರೆಂಟು ಹೋಗಿ ಮಗ್ಗ ನಿಂತ ದಿನ, ಹೊತ್ತು ಬದಲಿಸಿ ದುಡಿಯಿರೆಂದು ಯಜಮಾನನೇ ಕೇಳುವುದಿಲ್ಲವೆ? ತನಗೆ ಸಂದ ಅನುಕೂಲವನ್ನು ಆಳಿಗೂ ಸಲ್ಲಿಸುವುದು ಧರ್ಮ.

ಆದರೆ ಎಲ್ಲ ಕೆಲಸಗಳ ಸ್ವಭಾವವೂ ಒಂದೇ ಅಲ್ಲ. ಸೀರೆಯೊಂದಕ್ಕೆ ಇಷ್ಟೆಂದು ಕೂಲಿ ಗೊತ್ತಾಗಿರುವಲ್ಲಿ ಹೊತ್ತನ್ನು ಸಡಿಲಿಸುವುದು ಸುಲಭ. ಕಂಡಿಕೆ ಸುತ್ತುವ ಕೆಲಸವನ್ನು ಬೆಳಗಿಗೆ ಬದಲಾಗಿ ಮಧ್ಯಾಹ್ನವೂ ಮಾಡಬಹುದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹಾಗಲ್ಲ. ಒಬ್ಬಳು ಕಾಲರು ಹೊಲಿದರೆ ಮತ್ತೊಬ್ಬಳು ತೋಳು ಕೂಡಿಸಬೇಕು. ನಡುವೆ ಒಂದು ಪೀಠ ಬರಿದಾದರೆ ಸಾಲೆಲ್ಲ ತಡೆಯುವುದು. ದೇವನಹಳ್ಳಿಯಲ್ಲಿ 2008ರಲ್ಲಿ ತೆರೆದ ವಿಮಾನ ನಿಲ್ದಾಣದಂತಹ ಹಗಲಿರುಳು ನಡೆಯುವ ಸ್ಥಳಗಳಲ್ಲಿ, ಪಾಳಿಯನ್ನು ಒಬ್ಬರಿಗೊಬ್ಬರು ಬದಲಿಸಿಕೊಳ್ಳುವ ಏರ್ಪಾಡೇ ಹೆಚ್ಚು ಸುಗಮವಾದೀತು.

ಕಾನೂನೂ ಈ ದಾರಿಯನ್ನು ತೋರಿದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು ಮೊದಲೆರಡು ಮಕ್ಕಳ ಹೆರಿಗೆಗೆ ಸಂಬಳಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. ರಜೆ ಮುಗಿದ ಮೇಲೆ, ಕೆಲಸದ ಸ್ವರೂಪವು ಒಪ್ಪುವುದಾದರೆ, ಉಭಯರ ಸಮ್ಮತಿಯಿಂದ ಮನೆಯಿಂದಲೇ ದುಡಿಯಬಹುದೆಂದಿತು. 50 ಅಥವಾ ಹೆಚ್ಚು ಜನರು ದುಡಿಯುವಲ್ಲಿ ಶಿಶುಪಾಲನಾ ಗೃಹವಿರಬೇಕೆಂದೂ, ತಾಯಿಯು ದಿನಕ್ಕೆ 4 ಬಾರಿ ಅಲ್ಲಿಗೆ ಹೋಗಿಬರಬಹುದೆಂದೂ ವಿಧಿಸಿತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ನೌಕರನು ಸೇರಿದ ಮೊದಲ ದಿನವೇ ಇಂತಹ ಕೋರಿಕೆಯನ್ನು ಸಲ್ಲಿಸಬಹುದು. ಯಜಮಾನನು 2 ತಿಂಗಳೊಳಗಾಗಿ ತೀರ್ಮಾನ ಹೇಳಬೇಕು.

ಒಪ್ಪುವ ಯಜಮಾನನು ಕೆಲವು ಮಾತುಗಳನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಬರುವ ಹೊತ್ತು, ಹೋಗುವ ಹೊತ್ತು ಯಾವುದು? ಗಂಟೆ ಕಡಿಮೆಯಾದರೆ ಕೂಲಿಯೂ ಕಡಿಮೆಯಾಗುವುದೊ, ಬೇರೆ ಹೊತ್ತಿನಲ್ಲಿ ಕೆಲಸ ತುಂಬಿಕೊಡುವುದೊ? ಉಳಿದವರ ತಲೆಯ ಮೇಲೆ ಹೊರೆ ಬೀಳದೆ? ಇವನ್ನು ಕಾಗದದಲ್ಲಿ ಬರೆದು, ಒಂದು ತಿಂಗಳು ನಡೆಸಿನೋಡಿ, ಬಳಿಕ ಇಬ್ಬರೂ ಕುಳಿತು ವಿಚಾರಿಸಲಿ. ಒಪ್ಪಲಾಗದಿದ್ದರೆ ಕಾರಣವನ್ನಾದರೂ ಹೇಳಬೇಕು. ಕಾರಣವಿಲ್ಲದ ನಿರಾಕರಣೆಯು ಮನಸ್ಸನ್ನು ಮುರಿಯುವುದು.

ನುರಿತ ಕೈಯೊಂದು ಬಿಟ್ಟುಹೋದರೆ ಹೊಸಬರು ಕಲಿಯುವವರೆಗೆ ನೂಲೂ ಹೊತ್ತೂ ನಷ್ಟ. ಹೋದವರ ಮನೆಯಲ್ಲಿಯೂ ಒಲೆಯ ಚಿಂತೆ. ಹಾಸು ಬಿಗಿಯಾಗಿರಬೇಕು ನಿಜ. ಅತಿಯಾಗಿ ಬಿಗಿದರೆ ಎಳೆ ಕಡಿಯುವುದೆಂಬುದನ್ನು ನೇಕಾರನಿಗೆ ಯಾರೂ ಕಲಿಸಬೇಕಾದುದಿಲ್ಲ.