ಪಾರಿತೋಷಕವೂ ಪಾಲನೆಯೂ

ನಗರಗಳ ಜೀರ್ಣೋದ್ಧಾರಕ್ಕೂ, ಮಿತವ್ಯಯದಿಂದ ನಿರ್ಮಿತವಾಗಿ ಬಹುಕಾಲ ಬಾಳತಕ್ಕ ವಸತಿಗಳಿಗೂ ಈಗ ದೇಶವಿದೇಶಗಳಲ್ಲಿ ಪಾರಿತೋಷಕಗಳು ಸಲ್ಲುತ್ತಿರುವುದು ಸಂತೋಷದ ಸಂಗತಿಯೇ ಸರಿ. ಅರಮನೆಗೂ ಗೋಪುರಕ್ಕೂ ಮೀಸಲಾಗಿದ್ದ ಗೌರವವು ಬಡವನ ಬಚ್ಚಲಿಗೂ ಬೀದಿಯ ಚರಂಡಿಗೂ ದೊರೆಯುವಂತಾದುದು ಸಾಮಾನ್ಯವೇ? ಆದರೆ ಪಾರಿತೋಷಕವು ಬಂದೊಡನೆ ಕಾರ್ಯವು ಮುಗಿಯಿತೆಂದು ತಿಳಿಯಲಾಗದು. ಇದಕ್ಕೆ ಮಧ್ಯಪ್ರದೇಶದ ಇಂದೂರು ನಗರವೇ ಸಾಕ್ಷಿ.

ಆ ನಗರದ ಎರಡು ಯೋಜನೆಗಳಿಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯು ಸಂದಿದೆ. 1995ರಲ್ಲಿ ಅದನ್ನು ಪಡೆದುದು ಬಾಲಕೃಷ್ಣ ದೋಶಿಯವರು ರಚಿಸಿದ ‘ಅರಣ್ಯ’ ಎಂಬ ಬಡಾವಣೆ. ಅಲ್ಲಿ ಬಡಕುಟುಂಬಕ್ಕೆ ಕೊಟ್ಟುದು ಸಿದ್ಧವಾದ ಮನೆಯನ್ನಲ್ಲ. ನಿವೇಶನ, ತಳಪಾಯ, ಶೌಚಗೃಹ, ನೀರಿನ ಸೌಕರ್ಯ, ಇಷ್ಟನ್ನು ಮಾತ್ರ. ಹೇಗೆ ಕಟ್ಟಬಹುದೆಂಬುದನ್ನು ತೋರಿಸಲು 80 ಮಾದರಿ ಮನೆಗಳನ್ನು ಕಟ್ಟಲಾಯಿತು. ಉಳಿದುದನ್ನು ಜನರು ಕೈಯಲ್ಲಿ ಕಾಸು ಕೂಡಿದಂತೆ ತಾವೇ ಕಟ್ಟಿಕೊಂಡರು. 2018ರಲ್ಲಿ ಪ್ರಿಟ್ಸ್ಕರ್ ಪ್ರಶಸ್ತಿಯನ್ನು ಪಡೆದ ಪ್ರಥಮ ಭಾರತೀಯರೂ ದೋಶಿಯವರೇ.

ಎರಡನೆಯದು 1998ರಲ್ಲಿ ಪ್ರಶಸ್ತಿಯನ್ನು ಪಡೆದ ಕೊಳೆಗೇರಿಗಳ ಸುಧಾರಣೆ. ಕೊಳೆಗೇರಿಗಳು ನದಿ, ಹಳ್ಳಗಳ ದಡದ ತಗ್ಗಿನಲ್ಲಿರುವುದರಿಂದ, ಅವುಗಳ ಮೂಲಕವೇ ಒಳಚರಂಡಿಯನ್ನು ಹಾಯಿಸಿದರೆ ಇಡೀ ನಗರಕ್ಕೆ ಉಪಯೋಗವಾಗುವುದೆಂದು ಎಂಜಿನಿಯರ್ ಹಿಮಾಂಶು ಪಾರಿಖ್ ಅವರು ಕಂಡುಕೊಂಡರು. ಊರಿನ ಕಳಂಕವೆನಿಸಿದ್ದ ಕೇರಿಯೇ ಊರಿನ ಆರೋಗ್ಯಕ್ಕೆ ದಾರಿಯಾಗಬಹುದೆಂಬ ಈ ಆಲೋಚನೆಯು ನಿಜವಾಗಿಯೂ ಶ್ಲಾಘ್ಯವಾದುದು.

ಆದರೆ ಮುಂದೇನಾಯಿತು? 2000ದಲ್ಲಿ ನಗರಯೋಜನಾತಜ್ಞೆ ಗೀತಾ ದಿವಾನ್ ವರ್ಮಾ ಅವರು ಈ ಯೋಜನೆಯ ಯಶಸ್ಸನ್ನೇ ಪ್ರಶ್ನಿಸಿ ಬರೆದರು. ಚರಂಡಿಗಳು ಕಟ್ಟಿಕೊಂಡುದನ್ನೂ, ಪಾಲನೆಯ ಲೋಪವನ್ನೂ ಎತ್ತಿ ತೋರಿಸಿದರು. ಒಂದೇ ನಗರ, ಒಂದೇ ಪ್ರಶಸ್ತಿ; ಆದರೂ ಇಷ್ಟು ಅಂತರವೇಕೆ? ತಾನು ಕಟ್ಟಿದ ಗೋಡೆಯನ್ನು ಮನೆಯೊಡೆಯನು ಕಾಯುತ್ತಾನೆ. ನೆಲದೊಳಗಿನ ಕೊಳವೆಯನ್ನು ಕಾಯತಕ್ಕವರು ಯಾರು? ಅದು ಎಲ್ಲರದೂ ಆದಕಾರಣ ಯಾರದೂ ಅಲ್ಲದಂತಾಗುತ್ತದೆ.

ನಮ್ಮ ಹಿರಿಯರು ಈ ಮರ್ಮವನ್ನು ಬಲ್ಲವರಾಗಿದ್ದರು. ಕನ್ನಡನಾಡಿನ ಶಾಸನಗಳಲ್ಲಿ ದೇವಾಲಯವನ್ನು ಕಟ್ಟಿಸಿದವರ ಕೀರ್ತಿಯೊಡನೆ ‘ಖಂಡಸ್ಫುಟಿತಜೀರ್ಣೋದ್ಧಾರ’ಕ್ಕಾಗಿ, ಎಂದರೆ ಒಡೆದುದನ್ನು, ಬಿರಿದುದನ್ನು ಸರಿಪಡಿಸುವುದಕ್ಕಾಗಿ, ಬಿಟ್ಟ ಭೂಮಿಯ ಲೆಕ್ಕವೂ ಇರುತ್ತದೆ. ಕೆರೆಗಳ ಪಾಲನೆಗೆ ಬಿತ್ತುವಟ್ಟವೆಂಬ ದತ್ತಿಯಿತ್ತು. ಕಟ್ಟುವ ದಿನವೇ ಕಾಯುವ ಬಗೆಯನ್ನೂ ಅವರು ನಿಶ್ಚಯಿಸುತ್ತಿದ್ದರು.

ಪ್ರಶಸ್ತಿಯನ್ನು ಕೊಡತಕ್ಕವರು ಪ್ರಾರಂಭೋತ್ಸವದ ಹಾರವು ಬಾಡುವುದಕ್ಕೆ ಮೊದಲೇ ತೀರ್ಪನ್ನು ಹೇಳದೆ, ಹತ್ತು ಮಳೆಗಾಲಗಳು ಕಳೆದ ಮೇಲೆ ಮತ್ತೊಮ್ಮೆ ಬಂದು ನೋಡಲಿ. ನಮ್ಮ ಪೌರಸಭೆಗಳೂ ಹೊಸ ಕಾಮಗಾರಿಗೆ ಹಣವನ್ನು ಮಂಜೂರು ಮಾಡುವಾಗಲೇ ಅದರ ಪಾಲನೆಗೆ ಪ್ರತ್ಯೇಕ ನಿಧಿಯನ್ನು ತೆಗೆದಿಡಲಿ. ಚರಂಡಿಯನ್ನು ತೋಡಿಸಿದವನಿಗೆ ಶಿಲಾಫಲಕವು ಸಲ್ಲುವುದಾದರೆ, ಅದು ಕಟ್ಟದಂತೆ ನೋಡಿಕೊಂಡವನಿಗೂ ಸಲ್ಲಬೇಕು.